ಶಿವಲೀಲಾ ಇನ್ನೂ ಗೇಟಿನ ಒಳಗಿದ್ದಾಳೆ

ನಾವು ಕಾಲೊನಿಗೆ ಬಂದಿಳಿದ ಮೊದಲ ಸಂಜೆ. ದೊಡ್ಡ ಹಜಾರದಲ್ಲಿ ಎಲ್ಲರೂ ಚಾಪೆಯ ಮೇಲೆ ಕೂತಿದ್ದರು. ಒಬ್ಬ ಗಂಡಸು ಎದ್ದು ನಿಂತು, ತನ್ನ ಹೆಂಡತಿ ಮಧ್ಯಾಹ್ನ ಹಿತ್ತಲಲ್ಲಿ ಕೂತು ತವರುಮನೆಯನ್ನು ನೆನೆದು ಅತ್ತಳು ಎಂದು ಸಭೆಗೆ ಹೇಳಿದ. ಈಗ ಜಗಳ ಹತ್ತಿಕೊಳ್ಳುತ್ತದೆ ಎಂದುಕೊಂಡೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಆ ಹೆಂಡತಿ ಎದ್ದು ಬಂದು ಗಂಡನಿಗೆ ಕೈಮುಗಿದು, 'ನನ್ನ ಹೊರೆ ಇಳಿಸಿದಿರಿ' ಎಂದಳು. ನಮ್ಮ ರೋಣದ ಕಡೆ ಯಾವ ಗಂಡನಾದರೂ ಹೆಂಡತಿಯ ಕಣ್ಣೀರನ್ನು ಹೀಗೆ ಹತ್ತು ಜನರ ಮುಂದೆ ತಂದಿಟ್ಟಿದ್ದರೆ ಅವತ್ತು ಅವನಿಗೆ ರೊಟ್ಟಿ ಹುಟ್ಟುತ್ತಿರಲಿಲ್ಲ. ಪಕ್ಕದಲ್ಲಿದ್ದ ಶಿವಲೀಲಾಳ ಕಡೆ ತಿರುಗಿದೆ. ಅವಳ ಕಣ್ಣು ತುಂಬಿತ್ತು. 'ಎಷ್ಟ್ ಛಂದ ಐತಲ್ಲ ಗಂಗಾ, ಇಲ್ಲಿ ಯಾರೂ ಏನೂ ಮುಚ್ಚಿಡಂಗಿಲ್ಲ' ಎಂದಳು.

ಊರಿನವರಿಗೆ ನಮ್ಮಿಬ್ಬರ ಪರಿಚಯ ಹೇಳಬೇಕಾಗಿಲ್ಲ. ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಒಂದೇ ಅಂಗಡಿಯಲ್ಲಿ ಎರಡು ಹೊಲಿಗೆ ಮಷಿನ್ನು ಹಾಕಿಕೊಂಡು ಕೂತಿದ್ದವರು ನಾವು. ಅವಳು ಕತ್ತರಿಸುತ್ತಿದ್ದಳು, ನಾನು ಹೊಲಿಯುತ್ತಿದ್ದೆ. ಮದುವೆಯ ವಯಸ್ಸು ಇಬ್ಬರಿಗೂ ದಾಟಿತ್ತು, ಅದರ ಬಗ್ಗೆ ಓಣಿಯ ಬಾಯಿಗೆ ಬೀಗವಿರಲಿಲ್ಲ. ಶಿವಲೀಲಾ ಫೋನಿನಲ್ಲಿ ಈ ಕಾಲೊನಿಯ ವಿಡಿಯೋಗಳನ್ನು ನೋಡತೊಡಗಿದಳು. ಮಾಗಡಿ ಸೀಮೆಯಲ್ಲಿ, ಸಾವನದುರ್ಗದ ಬಂಡೆ ಕಾಣುವಷ್ಟು ದೂರದಲ್ಲಿ ಒಂದು ತೋಟ, ಒಂದೇ ಅಡುಗೆಮನೆ, ಜಾತಿ ಕೇಳುವವರಿಲ್ಲ, ಮದುವೆ ಕೇಳುವವರಿಲ್ಲ. ಹೊಲಿಗೆ ಬಲ್ಲವರು ಬೇಕಂತೆ. 'ನೀ ಬರದಿದ್ರ ನಾನೂ ಹೋಗೂದಿಲ್ಲ' ಎಂದಳು. ಎಲ್ಲಿ ಸೂಜಿಯೋ ಅಲ್ಲಿ ದಾರ, ನಾನೂ ಬಂದೆ.

ಸುಳ್ಳೇಕೆ ಹೇಳಲಿ, ಮೊದಲ ತಿಂಗಳುಗಳು ಚೆನ್ನಾಗಿದ್ದವು. ಎರೆಹೊಲದ ಬಯಲಿನಿಂದ ಬಂದ ನನಗೆ ಆ ಬಂಡೆಯನ್ನು ನೋಡುವುದೇ ಒಂದು ಕೆಲಸವಾಗಿತ್ತು. ನಮ್ಮಲ್ಲಿ ಆಕಾಶ ನೆಲಕ್ಕೆ ಮುಟ್ಟುವವರೆಗೂ ಕಣ್ಣಿಗೆ ಏನೂ ಅಡ್ಡ ಬರುವುದಿಲ್ಲ. ಇಲ್ಲಿ ಯಾವ ಕಡೆ ತಿರುಗಿದರೂ ಒಂದು ಕಲ್ಲು ಎದ್ದು ನಿಂತಿರುತ್ತದೆ. ಹೊಟ್ಟೆತುಂಬ ಊಟವಿತ್ತು. ನಾನು ಹೊಲಿದ ಚೀಲಗಳನ್ನು ಎಲ್ಲರೂ ಹೊಗಳುತ್ತಿದ್ದರು.

ಆಮೇಲೆ ಗೊತ್ತಾಯಿತು. ಫೋನು, ಆಧಾರ್ ಕಾರ್ಡು ಎಲ್ಲ ಹಿರಿಯರ ಬೀರುವಿನಲ್ಲಿ. ಹಿರಿಯರೆಂದರೆ ಕಾಲೊನಿಯನ್ನು ಆಳುವ ಮೂವರು, ಎಲ್ಲರೂ ದೊಡ್ಡ ಪಟ್ಟಣಗಳಿಂದ ಬಂದವರು. ಅವರ ಅಪ್ಪಣೆಯಿಲ್ಲದೆ ಹಸಿರು ಗೇಟು ದಾಟುವಂತಿಲ್ಲ, ಅಪ್ಪಣೆ ಯಾರಿಗೂ ಸಿಗುವುದಿಲ್ಲ. ಕಾವಲಿಗೆ ಜನ ಬೇಕಿರಲಿಲ್ಲ, ಸಂಜೆಯ ಸಭೆಯೇ ಸಾಕಿತ್ತು. ಪಕ್ಕದವರ ಮನಸ್ಸಿನಲ್ಲಿ ಕಂಡದ್ದನ್ನು ಎದ್ದು ಹೇಳಿದರೆ ಅದು ಹೊರೆ ಇಳಿಸಿದಂತೆ. ಹೇಳದಿದ್ದರೆ ಅವರ ಮೇಲೆ ನಿನಗೆ ಪ್ರೀತಿಯಿಲ್ಲ ಎಂದು ಅರ್ಥ. ಚಾಡಿಗೆ ಇಷ್ಟು ಒಳ್ಳೆಯ ಬಟ್ಟೆ ತೊಡಿಸಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ನಾನು ದಿನಾ ಮೈ ಹಿಡಿ ಮಾಡಿಕೊಂಡು ಕೂರುತ್ತಿದ್ದೆ. ಶಿವಲೀಲಾ ಅರಳುತ್ತಿದ್ದಳು. ಓಣಿಯಲ್ಲಿ ನಾಲ್ಕು ಜನರ ಮುಂದೆ ಬಾಯಿ ಬಿಡದ ಹುಡುಗಿ ಅಲ್ಲಿ ಎದ್ದು ನಿಂತರೆ ಸಭೆ ನಿಶ್ಶಬ್ದವಾಗುತ್ತಿತ್ತು. ಅವಳಿಗೆ ಅದು ಎಷ್ಟು ಸಿಹಿಯಾಗಿತ್ತೆಂದು ನನಗೆ ಕಾಣುತ್ತಿತ್ತು, ಸಂಕಟವೂ ಆಗುತ್ತಿತ್ತು.

ನಮ್ಮ ಕೋಣೆಯಲ್ಲಿ ಮೂರನೆಯವಳು ಜಯಮ್ಮ. ಹತ್ತಿರದ ಕಲ್ಯ ಗ್ರಾಮದವಳು, ಗಂಡ ತೀರಿಹೋದ ಮೇಲೆ ಮನಸ್ಸಿಗೆ ನೆಮ್ಮದಿ ಸಿಗುತ್ತದೆಂದು ಬಂದು ಸಿಕ್ಕಿಕೊಂಡವಳು. ಅವಳ ಅಣ್ಣ ಕೆಂಪಣ್ಣ ರೇಷ್ಮೆಹುಳ ಸಾಕುತ್ತಾನೆ. ಒಂದು ದಿನ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಜಯಮ್ಮ ಹೇಳಿದಳು: 'ಮನೇಲಿ ಹುಳ ನಾಲ್ಕನೇ ಜ್ವರ ಎದ್ದವೆ. ಇನ್ನೇನು ಹಣ್ಣಾಯ್ತವೆ. ಹಣ್ಣಾದಾಗ ಬಂದು ಕರಿ ಅಂತ ಹಾಲಿನ ಗಾಡಿಯವನ ಕೈಲಿ ಅಣ್ಣಂಗೆ ಯೋಳ್ ಕಳ್ಸಿವ್ನಿ. ಆಗ ಯಾರೂ ಬ್ಯಾಡ ಅನ್ನಂಗಿಲ್ಲ ಕಣಮ್ಮಿ. ನೀನೂ ಬಾ.'

ಇದನ್ನು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕು. ಹುಳ ಪೊರೆ ಕಳಚುವ ಮೊದಲು ಸೊಪ್ಪು ಬಿಟ್ಟು ಅಲುಗದೆ ಮಲಗುತ್ತದೆ, ಅದಕ್ಕೆ ಇಲ್ಲಿ ಜ್ವರ ಎನ್ನುತ್ತಾರೆ. ನಾಲ್ಕು ಜ್ವರ ಕಳೆದು, ವಾರದ ಮೇವು ತಿಂದ ಹುಳ ಮೈಯೆಲ್ಲ ಹಳದಿಯಾಗಿ, ತಲೆಯೆತ್ತಿ ಗೂಡು ಕಟ್ಟುವ ಜಾಗ ಹುಡುಕುತ್ತದೆ. ಅದು ಹಣ್ಣಾಗುವುದು. ಆಗ ಒಂದೊಂದನ್ನೂ ಕೈಯಿಂದ ಆಯ್ದು ಚಂದ್ರಿಕೆಗೆ, ಅಂದರೆ ಬಿದಿರಿನ ಸುರುಳಿ ಕಟ್ಟಿದ ದೊಡ್ಡ ತಟ್ಟಿಗೆ, ಬಿಡಬೇಕು. ತಡವಾದರೆ ನೂಲು ದಂಡ. ಅದಕ್ಕೆ ಅವತ್ತು ನೆಂಟರು, ಮುನಿಸಿಕೊಂಡವರು, ಕೋರ್ಟಿನಲ್ಲಿ ಎದುರಾಳಿಯಾದವರು ಕೂಡ ಕರೆದರೆ ಬರುತ್ತಾರೆ.

ಶಿವಲೀಲಾಳನ್ನು ಬಿಟ್ಟು ಹೋಗುವುದು ನನ್ನಿಂದಾಗದ ಮಾತು. ಅವಳಿಗೆ ಎಲ್ಲವನ್ನೂ ಹೇಳಿ, 'ನಡಿ, ಮೂವರೂ ಹೋಗೂಣು' ಎಂದೆ. ಅವಳು ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಅದೇ ಸಂಜೆ ಸಭೆಯಲ್ಲಿ ಎದ್ದು ನಿಂತು, ನಾನೂ ಜಯಮ್ಮನೂ ಹುಳ ಹಣ್ಣಾದ ನೆಪದಲ್ಲಿ ಕಾಲೊನಿ ಬಿಟ್ಟು ಹೋಗುತ್ತೇವೆಂದು ಹೇಳಿದಳು. ಹೇಳುವಾಗ ಅಳುತ್ತಿದ್ದಳು. ಆಮೇಲೆ ನನ್ನ ಕಡೆ ನೋಡಿದಳು, ನಾನು ಎದ್ದು ಕೈಮುಗಿಯುತ್ತೇನೆಂದು ಕಾಯುತ್ತಿದ್ದಳು. ನನ್ನ ಎದೆ ಒಡೆದದ್ದು ಆ ನೋಟಕ್ಕೆ.

ನಮ್ಮಿಬ್ಬರ ಜೊತೆ ಯಾರೂ ಮಾತಾಡಬಾರದೆಂದು ಅಪ್ಪಣೆಯಾಯಿತು. ಗೋಡೆಗೆ ಮುಖ ಮಾಡಿ ಊಟ. ಜಯಮ್ಮನನ್ನು ಬೇರೆ ಕೋಣೆಗೆ ಹಾಕಿ ಚಿಲಕ ಜಡಿದರು. ವಾರ ಕಳೆದು ಬೆಳಗಿನ ತಿಂಡಿಯ ಹೊತ್ತಿಗೆ ಕೆಂಪಣ್ಣ ಗೇಟಿಗೆ ಬಂದ. ನಾನು ಅಂಗಳ ಗುಡಿಸುತ್ತಿದ್ದೆ, ಎಲ್ಲ ಕೇಳಿಸಿತು.

'ನಮ್ಮ ಹುಳ ಹಣ್ಣಾಗವೆ. ತಂಗಿನ ಕಳ್ಸಿ' ಎಂದ.

'ಯಾವ ಹುಳವೂ ಇಲ್ಲ ಅಂತ ನಮಗೆ ಗೊತ್ತು. ಇದು ನೀವು ಕಟ್ಟಿದ ಸುಳ್ಳು' ಎಂದರು ಹಿರಿಯರಲ್ಲಿ ಒಬ್ಬರು.

ಕೆಂಪಣ್ಣ ಗೇಟಿನ ಸರಳು ಬಿಟ್ಟು ಹಿಂದೆ ಸರಿದ. 'ಬೇರೆ ಏನಾರ ಅನ್ನಿ ಸ್ವಾಮಿ. ಹುಳಿನ್ ವಿಚಾರದಲ್ಲಿ ನಾವು ಸುಳ್ಳು ಯೋಳಕಿಲ್ಲ' ಎಂದು ಹೇಳಿ ಹೊರಟುಹೋದ.

ಹಿರಿಯರು ಗೆದ್ದೆವೆಂದುಕೊಂಡರು. ಕೆಂಪಣ್ಣನ ಮನೆಯಲ್ಲಿ ಸಾಲದವನಿಗೆ ಸುಳ್ಳು ಹೇಳಿಯಾರು, ಸೊಸೆಗೆ ಹೇಳಿಯಾರು, ಹುಳದ ಮೇಲೆ ಹೇಳುವುದಿಲ್ಲ; ಹೇಳಿದರೆ ಬೆಳೆ ಕೈಗೆ ಹತ್ತುವುದಿಲ್ಲವೆಂಬುದು ಅವರ ನಂಬಿಕೆ. ಅದು ಪಟ್ಟಣದ ಆ ಮೂವರಿಗೆ ಹೇಗೆ ಗೊತ್ತಾಗಬೇಕು? ತಂಗಿಯನ್ನು ಕೂಡಿಹಾಕಿದ್ದಕ್ಕಿಂತ ಆ ಮಾತು ಅವರಿಗೆ ಹೆಚ್ಚು ತಾಗಿತ್ತು. ಬಿಸಿಲೇರುವಷ್ಟರಲ್ಲಿ ಎರಡು ಟೆಂಪೊ ಬಂದವು. ತುಂಬ ಹೆಂಗಸರು, ಹುಳ ಆಯುವುದನ್ನು ಅರ್ಧಕ್ಕೆ ಬಿಟ್ಟು ಬಂದವರು. ಕೆಂಪಣ್ಣನ ಸೋದರತ್ತೆ ಸಾಕಮ್ಮನ ಕೈಯಲ್ಲಿ ಒಂದು ಬಿದಿರಿನ ತಟ್ಟೆ. ಮೇಲಿನ ಬಟ್ಟೆ ತೆಗೆದು ಗೇಟಿನ ಸರಳಿಗೆ ಒತ್ತಿ ಹಿಡಿದಳು.

'ಬಾರಪ್ಪ, ಮುಟ್ಟಿ ನೋಡು. ಇದು ಸುಳ್ಳಾ?'

ಹುಳಗಳು ತಲೆಯೆತ್ತಿ ಅತ್ತಿತ್ತ ಆಡಿಸುತ್ತಿದ್ದವು. ಒಂದೆರಡು ಆಗಲೇ ಗೇಟಿನ ಕಂಬಿಗೆ ನೂಲು ಹಚ್ಚಿದ್ದವು.

'ನೋಡ್ದಾ, ನಿನ್ ಗೇಟಿಗೇ ಗೂಡು ಕಟ್ತಾವೆ. ಬಿರ್ರನೆ ಕಳ್ಸು, ಮನೇಲಿ ಇನ್ನೂ ಬೇಕಾದಷ್ಟು ಅವೆ' ಎಂದಳು ಸಾಕಮ್ಮ.

ಹಿರಿಯರ ಬಳಿ ಪೊಲೀಸರಿಗೆ, ವಕೀಲರಿಗೆ ಕೊಡುವ ಉತ್ತರಗಳಿದ್ದವು. ಹುಳಕ್ಕೆ ಕೊಡುವ ಉತ್ತರ ಇರಲಿಲ್ಲ. ಗೇಟು ತೆಗೆದರು, ಜಯಮ್ಮನನ್ನು ಕರೆತಂದರು. ಅವಳು ನನ್ನ ತೋಳು ಹಿಡಿದು, 'ಇವ್ಳೂ ಬತ್ತಾಳೆ. ಹೊಲಿಗೆಯೋಳು, ಕೈ ಚುರುಕು' ಎಂದಳು. ಅಷ್ಟು ಹೆಂಗಸರ ಮುಂದೆ ಯಾರೂ ಬೇಡವೆನ್ನಲಿಲ್ಲ.

ಶಿವಲೀಲಾ ಒಳಗೆ ನಿಂತಿದ್ದಳು. 'ಬಾರವ್ವಾ' ಎಂದೆ. ಅವಳು ತಲೆಯಾಡಿಸಿದಳು. 'ನೀ ಹಾಳಾಗಬಾರ್ದಂತ ಹೇಳೀನಿ ಗಂಗಾ. ಈಗೂ ಹೋಗಬ್ಯಾಡ' ಎಂದಳು. ಅವಳ ದನಿಯಲ್ಲಿ ಒಂದು ತೊಟ್ಟು ಕಪಟವಿರಲಿಲ್ಲ. ಅವಳನ್ನು ನೋಡುತ್ತಲೇ ಗೇಟು ದಾಟಿದೆ.

ಹೀಗೆ ನಾನು ಕಲ್ಯಕ್ಕೆ ಬಂದೆ. ಬಿಡುಗಡೆಯ ಮೊದಲ ದಿನವೆಲ್ಲ ಹುಳ ಆಯ್ದೆ. ಮೊದಲ ಹುಳ ಅಂಗೈಯಲ್ಲಿ ತಣ್ಣಗೆ ಹರಿದಾಗ ಮೈ ಜುಮ್ಮೆಂದು ಚೀರಿಬಿಟ್ಟೆ. ಹೆಂಗಸರು ಬಿದ್ದು ಬಿದ್ದು ನಕ್ಕರು. ಸಂಜೆಗೆ ಅವರಿಗಿಂತ ಬೇಗ ಆಯುತ್ತಿದ್ದೆ. ಹುಳದ ಮನೆಯ ಪಕ್ಕದ ಕೋಣೆಯನ್ನು ಕೆಂಪಣ್ಣ ನನಗೆ ಬಿಟ್ಟುಕೊಟ್ಟ. ಬಾಡಿಗೆಗಿಂತ ಕಟ್ಟಳೆಗಳೇ ಹೆಚ್ಚು. ಊದುಬತ್ತಿ ಹಚ್ಚುವಂತಿಲ್ಲ, ಸೊಳ್ಳೆ ಬತ್ತಿ ಹಚ್ಚುವಂತಿಲ್ಲ, ಹುಳಕ್ಕೆ ಆಗದು. ನಮ್ಮ ಕೆಂಪು ಚಟ್ನಿಗೆ ಮೆಣಸಿನಕಾಯಿ ಹುರಿದ ದಿನ ಸಾಕಮ್ಮ ಓಡಿ ಬಂದು ಬಾಣಲೆಯನ್ನು ಎತ್ತಿ ಅಂಗಳದಲ್ಲಿಟ್ಟಳು. 'ನಿಮ್ಮೂರಲ್ಲಿ ಮನುಷ್ಯರು ಕೆಮ್ಮಲ್ವ?' ಎಂದು ಕೇಳಿದಳು.

ಊಟದ ವಿಷಯಕ್ಕೆ ಬಂದರೆ, ಮುದ್ದೆಯನ್ನು ಅಗಿಯದೆ ನುಂಗಲು ಕಲಿಯುವುದಕ್ಕೆ ನನಗೆ ಒಂದು ಬೇಸಿಗೆ ಹಿಡಿಯಿತು. ಜೊತೆಗೆ ಉಪ್ಸಾರು, ಸೊಪ್ಪು ಕಾಳು ಬೇಯಿಸಿದ ನೀರು, ಅದಕ್ಕೆ ಬೆಳ್ಳುಳ್ಳಿ ಮೆಣಸಿನ ಖಾರ ನೆಂಚಿಕೊಳ್ಳಬೇಕು. ಮೊದಲು ನನಗೆ ಅದು ಪಾತ್ರೆ ತೊಳೆದ ನೀರೇ. ಈಗ ಜ್ವರ ಬಂದರೆ, ಹುಳದ್ದಲ್ಲ ನನ್ನದು, ಅದೇ ಬೇಕು. ಒಂದು ದಿನ ಚನ್ನಪಟ್ಟಣದ ಅಂಗಡಿಯಿಂದ ಜೋಳದ ಹಿಟ್ಟು ತಂದು ರೊಟ್ಟಿ ಬಡಿದೆ. ಸದ್ದು ಕೇಳಿ ಅರ್ಧ ಬೀದಿ ಬಾಗಿಲಿಗೆ ಬಂತು. ಕೆಂಪಣ್ಣ ಒಂದು ತಿಂದು, 'ಒಸಿ ಗಟ್ಟಿ ಐತೆ. ಆದ್ರೂ ಇನ್ನೊಂದು ಇಕ್ಕು' ಎಂದ. ಒಸಿ ಎಂದರೆ ಸ್ವಲ್ಪ. ಅವನು ಅವತ್ತು ಒಸಿ ಒಸಿ ಎನ್ನುತ್ತ ನಾಲ್ಕು ತಿಂದ. ಈಗ ಬೀದಿಯ ರವಿಕೆಗಳೆಲ್ಲ ನನ್ನ ಮಷಿನ್ನಿನ ಮೇಲೆ ಬರುತ್ತವೆ. ಆದರೂ ಎದುರಿನ ಖಾಲಿ ಮಣೆ ನೋಡಿದಾಗ, ಬಟ್ಟೆ ಕತ್ತರಿಸುವ ಕೈ ಇಲ್ಲವೆಂಬುದು ನೆನಪಾಗಿ ಕೆಲಸ ನಿಂತುಬಿಡುತ್ತದೆ.

ಕಾಲೊನಿಯಲ್ಲಿ ಕೆಲವು ಭಾನುವಾರ ನೋಡಲು ಬರುವವರನ್ನು ಗೇಟಿನ ತನಕ ಬಿಡುತ್ತಾರೆ. ನಾನು ರೊಟ್ಟಿ ಕಟ್ಟಿಕೊಂಡು ಹೋಗುತ್ತೇನೆ. ಜಯಮ್ಮನಿಗೆ ಇದು ಹಿಡಿಸುವುದಿಲ್ಲ.

'ನಮ್ಮನ್ನ ಹಿಡ್ಕೊಟ್ಟೋಳ್ಗೆ ರೊಟ್ಟಿ ಬೇರೆ ಕೇಡು' ಎನ್ನುತ್ತಾಳೆ.

'ಅಕೀ ಕೈ ರೊಟ್ಟಿ ನಾ ತಿಂದೀನಲ್ಲ ಇಷ್ಟ್ ವರ್ಷ' ಎನ್ನುತ್ತೇನೆ. ಬೈಯುತ್ತಲೇ ಜಯಮ್ಮ ಜೊತೆಗೆ ಒಂದು ಡಬ್ಬಿ ಹುಚ್ಚೆಳ್ಳಿನ ಚಟ್ನಿಪುಡಿ ಇಡುತ್ತಾಳೆ.

ಶಿವಲೀಲಾ ಸೊರಗಿದ್ದಾಳೆ. ಸರಳಿನ ಆಚೆ ನಿಂತು ಓಣಿಯವರನ್ನೆಲ್ಲ ವಿಚಾರಿಸುತ್ತಾಳೆ, ಆಮೇಲೆ ನನ್ನನ್ನೇ ಮರಳಿ ಬಾ ಎಂದು ಕರೆಯುತ್ತಾಳೆ. ನಾನು ಪ್ರತಿ ಸಲವೂ ಅದೇ ಮಾತು ಹೇಳುತ್ತೇನೆ: 'ಮಾಗಡ್ಯಾಗ ಇಳಿ, ಕಲ್ಯದ ಬಸ್ ಹತ್ತು. ಕೆಂಪಣ್ಣನ ಹುಳದ ಮನಿ ಎಲ್ಲಂತ ಕೇಳಿದ್ರ ಯಾರರೆ ತೋರಸ್ತಾರ. ಯಾವಾಗ ಬಂದ್ರೂ ಬಾಗ್ಲಾ ತಗೀತೇನಿ, ರೊಟ್ಟಿ ಇರ್ತದ.' ಅವಳು, 'ಇದನ್ನ ನಾ ಸಂಜೀಕ ಸಭಾದಾಗ ಹೇಳಬೇಕಾಗ್ತದ' ಎನ್ನುತ್ತಾಳೆ. 'ಹೇಳವ್ವಾ' ಎನ್ನುತ್ತೇನೆ. ಊರಿಗೆ ಬಂದವಳು ನೀರಿಗೆ ಬರದಿರುತ್ತಾಳೆಯೇ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು ಬಸ್ಸು ಹತ್ತುತ್ತೇನೆ.

ಕಳೆದ ಮಳೆಗಾಲದಲ್ಲಿ ಕಾಲುನೋವಿನಿಂದ ನಾನು ಬಹಳ ದಿನ ಹೋಗಲಾಗಲಿಲ್ಲ. ಆಗ ಒಂದು ಬೆಳಿಗ್ಗೆ ಕೈಚೀಲ ಹಿಡಿದ ಹೆಂಗಸೊಬ್ಬಳು ಬಾಗಿಲಿಗೆ ಬಂದಳು. ಕಮಲಮ್ಮ, ಕಾಲೊನಿಯ ಅಡುಗೆಯವಳು, ಕನಕಪುರದ ಕಡೆಯವಳು. ಸೌದೆ ಲಾರಿ ಒಳಗೆ ಬಂದಾಗ ತೆರೆದ ಗೇಟಿನಿಂದ ಹೊರಬಿದ್ದಿದ್ದಳು. ಅವಳನ್ನು ಕೂರಿಸಿ, ಈ ಮನೆ ಹೇಗೆ ಗೊತ್ತಾಯಿತು ಎಂದು ಕೇಳಿದೆ.

'ಶಿವಲೀಲಾ ಸಭೆಲಿ ಯೋಳ್ತಾಳಲ್ಲ' ಎಂದಳು. 'ಗಂಗಾ ಹಿಂಗಂದ್ಲು ಅಂತ. ಮಾಗಡೀಲಿ ಇಳೀಬೇಕು, ಕಲ್ಯದ ಬಸ್ ಹತ್ಬೇಕು, ಕೆಂಪಣ್ಣನ ಹುಳಿನ ಮನೆ, ಯಾವಾಗ ಹೋದ್ರೂ ಬಾಗ್ಲು ತೆಗೀತಾಳೆ, ರೊಟ್ಟಿ ಇರ್ತದೆ ಅಂತ. ಒಂದಕ್ಷರ ಬುಡಕಿಲ್ಲ. ಕೇಳಿ ಕೇಳಿ ನಮ್ಗೆಲ್ಲ ಬಾಯಿಪಾಠ ಆಗೋಯ್ತು.'

'ನಾ ಭಾಳ ದಿನದಿಂದ ಅಲ್ಲಿಗೆ ಹೋಗೇ ಇಲ್ಲಲ್ಲ' ಎಂದೆ.

'ನೀನು ಬರ್ದಿದ್ ವಾರಾನೂ ಯೋಳ್ತಾಳೆ.'

ಅವಳು ಚಾಡಿ ಹೇಳುತ್ತಿದ್ದಾಳೋ, ದಾರಿ ಹೇಳುತ್ತಿದ್ದಾಳೋ ನನಗೆ ಗೊತ್ತಿಲ್ಲ. ಅವಳಿಗೂ ಗೊತ್ತಿದೆಯೋ ಇಲ್ಲವೋ. ಕಮಲಮ್ಮನಿಗೆ ರೊಟ್ಟಿ ಬಡಿಯುತ್ತ ಅತ್ತುಬಿಟ್ಟೆ, ಯಾರಿಂದಲೂ ಮುಚ್ಚಿಡಲಿಲ್ಲ.

ಅವತ್ತೇ ಅವ್ವನ ಫೋನು ಬಂತು, ದೀಪಾವಳಿಗಾದರೂ ಬರುತ್ತೀಯಾ ಎಂದು. 'ಒಸಿ ತಡಿಯವ್ವಾ' ಎಂದೆ. ಆ ಕಡೆ ಅವ್ವ ನಕ್ಕಳು, ಆಮೇಲೆ ಅವಳ ದನಿ ಸಣ್ಣಗಾಯಿತು. 'ನೀ ಈಗ ಯಾವೂರಾಕಿ ಆದೆವ್ವಾ?' ಎಂದು ಕೇಳಿದಳು.

'ಶಿವಲೀಲಾ ಬರೂ ತನಕ ಈ ಊರಾಕಿ' ಎಂದೆ. 'ಅಕಿ ಬಂದ ಮ್ಯಾಲೆ ಅಕಿನ್ನೂ ಕೇಳಿ ಹೇಳ್ತೇನಿ.'