ಐದರ ಮುಂದೆ

ಖಾನಾಪುರದ ತಾಲೀಮಿನಲ್ಲಿ, ಅಂದರೆ ಗರಡಿಮನೆಯಲ್ಲಿ, ಕುಸ್ತಿ ಕಲಿಸುತ್ತಿದ್ದ ವಸ್ತಾದರದು ಅಜ್ಜನ ಕಾಲದಿಂದಲೂ ಪೈಲ್ವಾನರ ಮನೆತನ. ಹುಡುಗರಿಗೆ ಬೈಠಕ್ ಹೊಡೆಸುವಾಗ ಅವರು ಎಣಿಸುತ್ತಿದ್ದುದು ಕನ್ನಡವೂ ಅಲ್ಲ, ಮರಾಠಿಯೂ ಅಲ್ಲ: "ಯವ್, ದ್ವಾ, ದ್ರೇ, ಸಲೋರ್, ಪಿಂಜಾ." ಐದಾದ ಮೇಲೆ ಮತ್ತೆ ಒಂದರಿಂದ.

"ನಿಮ್ಮ ಹಿರ್ಯಾರು ಎಲ್ಲಿಯವರ್ರೀ?" ಎಂದು ಕೇಳಿದರೆ ತೊಡೆಗೆ ಮೆತ್ತಿದ ಕೆಮ್ಮಣ್ಣು ಕೊಡವುತ್ತ, "ನಾವು ಇದ ಊರವರ್ರೀ. ಅಜ್ಜ ಐದರ ಮಟಾ ಕಲಿಸಿದ್ದ, ಅಷ್ಟ" ಅನ್ನುತ್ತಿದ್ದರು.

ಕುತೂಹಲ ತಡೆಯದೆ ಆ ಎಣಿಕೆಯನ್ನು ಮೊಬೈಲಿನಲ್ಲಿ ಹಿಡಿದುಕೊಂಡು ಬಂದು, ಬೆಳಗಾವಿಯ ನಮ್ಮ ಮನೆಯಲ್ಲಿ ಬಾಡಿಗೆಗಿದ್ದ ಅಫ್ಘಾನ್ ವಿದ್ಯಾರ್ಥಿಗೆ ಕೇಳಿಸಿದೆ. ಅವನ ಮುಖ ಅರಳಿತು. ಅದು ಅವನ ತಾಯಿನುಡಿ, ಪಶ್ತೋ.

ಸುದ್ದಿ ಹೇಳಿದಾಗ ವಸ್ತಾದರು, "ಇದ ಊರವರ್ರೀ ನಾವು" ಎಂದು ಮಣ್ಣು ಕೊಡವಿದರು. ನಾನು ಬೈಕ್ ಚಾಲೂ ಮಾಡಿದ ಮೇಲೆ ಹತ್ತಿರ ಬಂದು ಮೆಲ್ಲಗೆ ಕೇಳಿದರು:

"ಸರ, ಆರಕ್ಕ ಏನಂತಾರಂತ್ರೀ?"