ನೀಲಿ ಪಟ್ಟಿಯವರ ಡೆಕ್ಕು

ನನ್ನ ತಂಗಿಯ ಗಂಡ ಸಿಕಂದರಾಬಾದ್ ಕಡೆಯ ಕುಷಾಯಿಗೂಡದ ಹತ್ತಿರದ ಕಾರ್ಖಾನೆಯಲ್ಲಿ ಮೂವತ್ತಾರು ವರ್ಷ ದುಡಿದು ನಿವೃತ್ತರಾದಾಗ, ಮುಂದೇನು ಮಾಡುತ್ತೀರಿ ಎಂದು ಎಲ್ಲರೂ ಕೇಳಿದರು. ಅವರು ಹಡಗು ಹತ್ತುತ್ತೇನೆ ಎಂದರು. ನಾವು ನಕ್ಕೆವು. ಅವರು ಬೀದರ್ ಕಡೆಯವರು. ಮದುವೆಯಾಗುವ ತನಕ ಸಮುದ್ರವನ್ನೇ ಕಂಡಿರಲಿಲ್ಲ. ಆದರೆ ಇಡೀ ಆಯುಷ್ಯ ಭೂತಗನ್ನಡಿಯ ಕೆಳಗೆ ಕಣ್ಣು ನೆಟ್ಟು ಕೂದಲಿನಂಥ ತಂತಿಗಳನ್ನು ಬೆಸೆದವರಿಗೆ ದೂರಕ್ಕೆ ನೋಡುವ ಆಸೆ ಹುಟ್ಟಿದ್ದರೆ ಅದರಲ್ಲಿ ನಗುವಂಥದ್ದೇನೂ ಇರಲಿಲ್ಲ. ಮುಂಬೈನಿಂದ ಹೊರಟು ಗೋವಾ ಮುಟ್ಟಿ ಮರಳುವ ನಾಲ್ಕು ದಿನದ ಪ್ರವಾಸ. ತಂಗಿ ಫೋನ್ ಮಾಡಿ, ಅಕ್ಕಾ ನೀನೂ ಬರಬೇಕು, ನೀ ಇಲ್ಲಂದ್ರ ನಾನೂ ಹೋಗಂಗಿಲ್ಲ ಅಂದಳು. ಸರಿ ಎಂದೆ. ಫೋನ್ ಇಡುವಷ್ಟರಲ್ಲಿ ಅಂಗೈ ಬೆವೆತಿತ್ತು.

ಯಾಕೆ ಬೆವರಿತು ಎನ್ನುವುದು ಆಗ ನನ್ನೊಬ್ಬಳಿಗೇ ಗೊತ್ತಿತ್ತು. ಎಂಟು ತಿಂಗಳ ಹಿಂದೆ ಅಬಿಡ್ಸಿನ ಒಂದು ಹಳೆಯ ಕಟ್ಟಡದಲ್ಲಿ, ನಮ್ಮ ಆಫೀಸಿಗೆ ಹೋಗುವ ಲಿಫ್ಟು ಮೂರನೆಯ ಮತ್ತು ನಾಲ್ಕನೆಯ ಮಹಡಿಯ ನಡುವೆ ನಿಂತುಬಿಟ್ಟಿತ್ತು. ಒಳಗೆ ಒಂಬತ್ತು ಜನ. ಕರೆಂಟಿಲ್ಲ, ಫ್ಯಾನಿಲ್ಲ. ಮುಕ್ಕಾಲು ಗಂಟೆಯಾದ ಮೇಲೆ ತೆಗೆದರು. ಯಾರಿಗೂ ಏನೂ ಆಗಲಿಲ್ಲ. ಉಳಿದ ಎಂಟು ಜನ ಹೊರಗೆ ಬಂದು ನಗುತ್ತ ಚಹಾ ಕುಡಿಯಲು ಹೋದರು. ನಾನೂ ಹೋದೆ, ಕುಡಿದೆ. ಮರುದಿನ ಸಿಟಿ ಬಸ್ಸಿನಲ್ಲಿ ನನ್ನ ಮುಂದೆ ಇಬ್ಬರು, ಹಿಂದೆ ಇಬ್ಬರು ನಿಂತಾಗ ಎದೆ ಬಡಿದುಕೊಳ್ಳತೊಡಗಿತು. ಬೆರಳ ತುದಿಗಳು ಜುಮುಗುಟ್ಟಿದವು, ಉಸಿರು ಅರ್ಧಕ್ಕೇ ನಿಂತಿತು. ಇಲ್ಲೇ ಸಾಯುತ್ತೇನೆ ಎಂಬುದು ಖಾತ್ರಿಯಾಯಿತು. ಮುಂದಿನ ಸ್ಟಾಪಿನಲ್ಲಿ ಇಳಿದು, ಯಾವುದೋ ಬಟ್ಟೆ ಅಂಗಡಿಯ ಮೆಟ್ಟಿಲ ಮೇಲೆ ಕುಳಿತೆ.

ಅಲ್ಲಿಂದ ಮುಂದೆ ಬಸ್ಸು ಬಿಟ್ಟು ಆಟೋ ಹಿಡಿದೆ. ಸಂತೆ ಬಿಟ್ಟು ತಳ್ಳುಗಾಡಿಯವನ ಹತ್ತಿರ ತರಕಾರಿ ಕೊಂಡೆ. ಆಫೀಸಿಗೆ ಐದು ಮಹಡಿ ಹತ್ತಿಕೊಂಡೇ ಹೋದೆ. ಕೇಳಿದವರಿಗೆ ಶುಗರ್‌ಗೆ ಒಳ್ಳೆಯದು ಎಂದೆ. ತಂಗಿಗೆ ಹೇಳಲಿಲ್ಲ. ಅಪ್ಪ ಹೋದಾಗ ನನಗೆ ಇಪ್ಪತ್ತೆರಡು, ಅವಳಿಗೆ ಹನ್ನೆರಡು. ಅವಳ ಫೀಸು, ಅವಳ ಮದುವೆ, ಅವಳ ಬಾಣಂತನ ಎಲ್ಲ ನಾನೇ ನೋಡಿಕೊಂಡವಳು. ನಾನು ಮದುವೆಯಾಗಲಿಲ್ಲ, ಸಿಕಂದರಾಬಾದಿನ ಎರಡು ಕೋಣೆಯ ಮನೆಯಲ್ಲಿ ಒಬ್ಬಳೇ ಇರುತ್ತೇನೆ. ನಮ್ಮ ಬಂಧುಗಳಲ್ಲಿ ಯಾರಿಗಾದರೂ ಆಸ್ಪತ್ರೆಗೆ ಜೊತೆ ಬೇಕಾದರೆ ಮೊದಲು ನನಗೆ ಫೋನ್ ಬರುತ್ತಿತ್ತು. ಅಂಥವಳು ಜನ ಕಂಡರೆ ಹೆದರುತ್ತೇನೆ ಎಂದು ಯಾವ ಬಾಯಿಂದ ಹೇಳುವುದು?

ಟಿಕೆಟು ಮಾಡಿಸುವ ಕೆಲಸ ನನ್ನ ಪಾಲಿಗೆ ಬಂತು, ಏಜೆಂಟರ ಅಂಗಡಿ ನಮ್ಮ ಆಫೀಸಿನ ಹಿಂದಿನ ಗಲ್ಲಿಯಲ್ಲೇ ಇತ್ತು. ಹಡಗಿನಲ್ಲಿ ಎಷ್ಟು ಜನ ಇರುತ್ತಾರೆ ಎಂದು ಕೇಳಿದೆ. ಅವರು ಹೆಮ್ಮೆಯಿಂದ ಹೇಳಿದ ಸಂಖ್ಯೆ ಒಂದು ಊರಿನಷ್ಟಿತ್ತು. ನನ್ನ ಮುಖ ನೋಡಿ, ಗದ್ದಲ ಬೇಡವೆನ್ನುವವರಿಗೆ ಬೇರೆ ವ್ಯವಸ್ಥೆ ಇದೆ ಮೇಡಂ, ಎಂದು ಕಂಪ್ಯೂಟರಿನ ಪರದೆ ನನ್ನ ಕಡೆ ತಿರುಗಿಸಿದರು. ಹಡಗಿನ ಎಲ್ಲಕ್ಕಿಂತ ಮೇಲೆ, ಮುಂಭಾಗದಲ್ಲಿ ಒಂದು ಡೆಕ್ಕು. ಹೆಚ್ಚಿಗೆ ದುಡ್ಡು ಕೊಟ್ಟವರಿಗೆ ಮಾತ್ರ. ಕೈಗೆ ನೀಲಿ ಪಟ್ಟಿ ಕಟ್ಟುತ್ತಾರೆ, ಪಟ್ಟಿ ಇಲ್ಲದವರನ್ನು ಬಾಗಿಲಲ್ಲೇ ತಡೆಯುತ್ತಾರೆ. ಚಿತ್ರದಲ್ಲಿ ಬಿಳಿ ಆರಾಮ ಕುರ್ಚಿಗಳ ಸಾಲು, ಆಚೆಗೆ ನೀರು. ಒಬ್ಬ ಮನುಷ್ಯನೂ ಇರಲಿಲ್ಲ. ನಾನು ನೋಡಿದ್ದು ಅದೊಂದನ್ನೇ.

ಎಷ್ಟು ಜನಕ್ಕೆ ಮಾಡಲಿ ಎಂದರು. ಅವರ ಮೇಜಿನ ಮೇಲೆ ನಮ್ಮ ಮೂರು ಜನರ ಆಧಾರ್ ಪ್ರತಿಗಳಿದ್ದವು. ನಾನು ಒಬ್ಬರಿಗೆ ಎಂದೆ. ಅವರು ಒಮ್ಮೆ ಆ ಪ್ರತಿಗಳನ್ನು, ಒಮ್ಮೆ ನನ್ನನ್ನು ನೋಡಿ ಟೈಪು ಮಾಡಿದರು.

ಮುಂಬೈ ಬಂದರಿನ ದೊಡ್ಡ ಹಾಲಿನಲ್ಲಿ ಸಾಲು ಹಾವಿನಂತೆ ಸುತ್ತಿಕೊಂಡಿತ್ತು. ಸಾಲನ್ನು ತಂಗಿಯ ಗಂಡನಿಗೆ ಬಿಟ್ಟು, ನಾನು ಗೋಡೆಗೆ ಬೆನ್ನು ಹಚ್ಚಿ ನಿಂತು ಬಾಗಿಲುಗಳನ್ನು ಲೆಕ್ಕ ಹಾಕುತ್ತಿದ್ದೆ. ಹಡಗು ಹತ್ತಿದ ಕೂಡಲೇ ಸುರಕ್ಷತೆಯ ತಾಲೀಮು ಎಂದು ಎಲ್ಲರನ್ನೂ ಒಂದು ಸಭಾಂಗಣಕ್ಕೆ ತುಂಬಿದರು. ಕೊನೆಯ ಸಾಲಿನ ಕೊನೆಯ ಕುರ್ಚಿ ಹಿಡಿದು ಕುಳಿತು, ಲೈಫ್ ಜಾಕೆಟ್ಟಿನ ದಾರವನ್ನು ಬೆರಳಿಗೆ ಸುತ್ತಿ ಬಿಚ್ಚಿ, ಸುತ್ತಿ ಬಿಚ್ಚಿ ಅರ್ಧ ಗಂಟೆ ಕಳೆದೆ. ತಂಗಿ ತಿರುಗಿ ನೋಡಿ ನಕ್ಕಳು. ನಾನೂ ನಕ್ಕೆ. ಆಮೇಲೆ, ಶೌಚಾಲಯಕ್ಕೆ ಹೋಗಿ ಬರುತ್ತೇನೆಂದು ಸುಳ್ಳು ಹೇಳಿ ಕೌಂಟರಿಗೆ ಹೋಗಿ ನೀಲಿ ಪಟ್ಟಿ ಕಟ್ಟಿಸಿಕೊಂಡೆ. ಸ್ವೆಟರಿನ ತೋಳನ್ನು ಅದರ ಮೇಲೆ ಎಳೆದುಕೊಂಡೆ. ಹಡಗಿನ ಮೇಲೆ ಸೆಕೆ ಇತ್ತು. ಸ್ವೆಟರ್ ಯಾಕೆ ಅಂತ ತಂಗಿ ಎರಡು ಸಲ ಕೇಳಿದಳು.

ಮರುದಿನ ಇಡೀ ದಿನ ಸಮುದ್ರದ ಮೇಲೆಯೇ. ಎಲ್ಲರಿಗೂ ಇರುವ ಡೆಕ್ಕಿನಲ್ಲಿ ಈಜುಕೊಳ, ಹಾಡಿನ ಗದ್ದಲ, ಬೆಳಗಾಗುವ ಮೊದಲೇ ಟವೆಲು ಹಾಸಿ ಹಿಡಿದಿಟ್ಟ ಕುರ್ಚಿಗಳು. ತಂಗಿಗೆ ಮೊಣಕಾಲು ನೋವು. ಅವಳ ಗಂಡ ಒಂದು ಕುರ್ಚಿಗಾಗಿ ಆ ತುದಿಯಿಂದ ಈ ತುದಿಗೆ ನಡೆದಾಡುತ್ತಿದ್ದರು. ನಾನು ಬಾಗಿಲಲ್ಲೇ ನಿಂತು, ನನಗೆ ತಲೆ ಸುತ್ತುತ್ತಿದೆ, ಕೋಣೆಗೆ ಹೋಗಿ ಮಲಗುತ್ತೇನೆ ಎಂದೆ. ಜೊತೆಗೆ ಬರುತ್ತೇನೆಂದ ತಂಗಿಯನ್ನು ಹಟ ಮಾಡಿ ಅಲ್ಲೇ ಬಿಟ್ಟೆ. ಅವರ ಕಣ್ಣು ತಪ್ಪಿದ ಕೂಡಲೇ ಮೆಟ್ಟಿಲು ಹತ್ತತೊಡಗಿದೆ.

ಗಾಜಿನ ಬಾಗಿಲು ಹಿಂದೆ ಮುಚ್ಚಿಕೊಂಡಿತು. ಗದ್ದಲ ನಿಂತಿತು. ಇಪ್ಪತ್ತೈದು ಮೂವತ್ತು ಕುರ್ಚಿಗಳಿಗೆ ಆರು ಜನ ಇದ್ದರು, ಅವರೂ ದೂರ ದೂರ. ಸಿಬ್ಬಂದಿಯ ಹೆಣ್ಣುಮಗಳು ತಣ್ಣನೆಯ ಒದ್ದೆ ಟವೆಲು ಕೊಟ್ಟು, ವೆಲ್ಕಮ್ ಮೇಡಂ ಎಂದಳು. ಕುಳಿತೆ. ಒಂಬತ್ತು ತಿಂಗಳಲ್ಲಿ ಮೊದಲ ಸಲ ಉಸಿರು ಹೊಟ್ಟೆಯ ತನಕ ಇಳಿಯಿತು. ಅದರ ಹಿಂದೆಯೇ ಇನ್ನೊಂದು ಹೆದರಿಕೆ ಬಂತು. ತಂಗಿ ಕೋಣೆಗೆ ಹೋದರೆ? ಹತ್ತು ನಿಮಿಷ ಇದ್ದು ಇಳಿಯುತ್ತೇನೆ ಎಂದುಕೊಂಡೆ. ಹತ್ತು ಇಪ್ಪತ್ತಾಯಿತು. ಗಾಳಿಗೆ ಕಣ್ಣು ಮುಚ್ಚಿದವಳಿಗೆ ನಿದ್ದೆ ಹತ್ತಿಬಿಟ್ಟಿತು.

ಎಚ್ಚರವಾದದ್ದು ನನ್ನ ಹೆಸರು ಕೇಳಿ. ಸ್ಪೀಕರಿನಲ್ಲಿ ನನ್ನ ಹೆಸರು, ಅಡ್ಡಹೆಸರು, ಕೋಣೆಯ ನಂಬರು. ಸ್ವಾಗತ ಕೌಂಟರಿಗೆ ಬರಬೇಕಂತೆ. ಎದ್ದು, ಏನು ಹೇಳಲಿ ಎಂದು ಯೋಚಿಸುತ್ತ ಕುರ್ಚಿಗಳ ನಡುವೆ ತುಂಬ ಹೊತ್ತು ಅತ್ತಿತ್ತ ನಡೆದೆ. ಆಮೇಲೆ ತಿಳಿದದ್ದು, ತಂಗಿ ಕೋಣೆಗೆ ಹೋಗಿ ನಾನಿಲ್ಲದ್ದು ಕಂಡು ಹೌಹಾರಿದ್ದಳು. ತಲೆ ಸುತ್ತಿದವಳು ಎಲ್ಲಿ ಬಿದ್ದಳೋ ಎಂದು ಗಂಡ ಹೆಂಡತಿ ಊಟದ ಮನೆ, ಶೌಚಾಲಯ, ಮೆಟ್ಟಿಲುಗಳನ್ನೆಲ್ಲ ಹುಡುಕಿದ್ದರು. ಕಟಕಟೆಯ ಮೇಲೆ ಬಗ್ಗಿ ನೀರು ಸಹ ನೋಡಿದರಂತೆ. ಹೆಸರು ಕೂಗಿಸಿದ ಮೇಲೆ ಕೌಂಟರಿನವರು ಕಂಪ್ಯೂಟರಿನಲ್ಲಿ ಹುಡುಕಿ, ನೀವು ಚಿಂತಿಸಬೇಡಿ, ಅವರು ಮೇಲಿನ ವಿಶೇಷ ಡೆಕ್ಕಿನಲ್ಲಿದ್ದಾರೆ ಎಂದು ಹೇಳಿಬಿಟ್ಟಿದ್ದರು.

ನಾನು ಬಾಗಿಲ ಹತ್ತಿರ ಬರುವಷ್ಟರಲ್ಲಿ ಗಾಜಿನ ಆಚೆ ತಂಗಿ ನಿಂತಿದ್ದಳು. ಕೈಯಲ್ಲಿ ಕಾಗದದ ಲೋಟ. ನನಗೆಂದು ಅಡಿಗೆಯವರನ್ನು ಕಾಡಿ ಮಾಡಿಸಿದ ಲಿಂಬೆಹಣ್ಣಿನ ಶರಬತ್ತು. ಸಿಬ್ಬಂದಿಯ ಹೆಣ್ಣುಮಗಳು ಬಾಗಿಲು ಅರ್ಧ ತೆರೆದು, ಸಾರಿ ಮೇಡಂ, ನೀಲಿ ಪಟ್ಟಿ ಇದ್ದವರಿಗೆ ಮಾತ್ರ ಎಂದು ಮರ್ಯಾದೆಯಿಂದಲೇ ಹೇಳುತ್ತಿದ್ದಳು. ತಂಗಿ ಅವಳ ಕಡೆ ನೋಡಲಿಲ್ಲ. ನನ್ನ ಮಣಿಕಟ್ಟು ನೋಡಿದಳು. ನಿದ್ದೆಯಲ್ಲಿ ಸ್ವೆಟರಿನ ತೋಳು ಮೇಲಕ್ಕೆ ಸರಿದಿತ್ತು. ನನ್ನ ಹಿಂದಿನ ಸಾಲುಗಳನ್ನೂ ನೋಡಿದಳು.

"ಇಷ್ಟು ಕುರ್ಚಿ ಖಾಲಿ ಅದಾವಲ್ಲಕ್ಕಾ," ಅಂದಳು.

ನಾನು ಹೊರಗೆ ಹೋಗಬೇಕಿತ್ತು. ಎರಡೇ ಹೆಜ್ಜೆ. ಆದರೆ ಅದು ಊಟದ ಹೊತ್ತು. ಅವಳ ಬೆನ್ನ ಹಿಂದಿನ ಓಣಿಯಲ್ಲಿ ಜನ ಒತ್ತೊತ್ತಾಗಿ ಸಾಗುತ್ತಿದ್ದರು, ಭುಜಕ್ಕೆ ಭುಜ ತಾಗಿಸಿಕೊಂಡು. ನನ್ನ ಕಾಲು ಹೊಸಿಲ ಮೇಲೆ ಹೂತುಹೋದ ಹಾಗೆ ನಿಂತಿತು. ನಾನು ಒಳಗೇ ಉಳಿದೆ. ಅವಳು ಕಂಡದ್ದು ಅಷ್ಟೇ: ಅಕ್ಕ ಒಳಗಿದ್ದಾಳೆ, ಹೊರಗೆ ಬರುತ್ತಿಲ್ಲ. ಲೋಟವನ್ನು ಬಾಗಿಲ ಪಕ್ಕ ನೆಲದ ಮೇಲಿಟ್ಟು, ಮೊಣಕಾಲು ಹಿಡಿದು ಎದ್ದು, ಜನರ ನಡುವೆ ಸೇರಿಹೋದಳು.

ಉಳಿದ ದಿನಗಳಲ್ಲಿ ಅವಳು ಜಗಳವಾಡಲಿಲ್ಲ. ಜಗಳವಾಡಿದ್ದರೆ ಚೆನ್ನಾಗಿತ್ತು. ಅವಳ ಗಂಡ ಮಾತ್ರ ನಡುವೆ ಸಿಕ್ಕಿಬಿದ್ದು, ಅಕ್ಕಾರ ನೋಡ್ರಿ, ಮೀನ ಹ್ಯಾಂಗ ಜಿಗಿಯಾಕತ್ತಾವ, ಎಂದು ಇಲ್ಲದ ಉಮೇದು ತೋರಿಸುತ್ತಿದ್ದರು. ಕೊನೆಯ ದಿನವೂ ಅವರು ಹಡಗಿನ ಮುಂಭಾಗದಿಂದ ಸಮುದ್ರ ನೋಡಲಿಲ್ಲ. ಅಲ್ಲಿಗೆ ಹೋಗುವ ದಾರಿ ನೀಲಿ ಪಟ್ಟಿಯವರ ಡೆಕ್ಕಿನ ಮೂಲಕವೇ ಇತ್ತು. ನಾನು ಆಮೇಲೆ ಅಲ್ಲಿಗೆ ಹೋಗಲಿಲ್ಲ. ಪಟ್ಟಿ ಕತ್ತರಿಸಿ ಕಸದ ಡಬ್ಬಿಗೆ ಹಾಕಿದೆ. ಅದರಿಂದ ಯಾರಿಗೂ ಏನೂ ಸಿಗಲಿಲ್ಲ.

ಸಿಕಂದರಾಬಾದ್ ಸ್ಟೇಷನ್ನಿನಲ್ಲಿ ಇಳಿದು ಅವರು ಒಂದು ಆಟೋ, ನಾನೊಂದು ಆಟೋ ಹಿಡಿದೆವು. ಮೂರು ವಾರ ಫೋನಿಲ್ಲ. ದಿನಾ ಸಂಜೆ ಏಳಕ್ಕೆ ಅಡಿಗೆ ಏನು ಮಾಡಿದಿ ಎಂದು ಕೇಳುತ್ತಿದ್ದವಳು. ಏಳಾಗುತ್ತಿದ್ದಂತೆ ಫೋನನ್ನು ಮಡಿಲಲ್ಲಿಟ್ಟುಕೊಂಡು ಕೂಡುತ್ತಿದ್ದೆ. ನಾನೇ ಮಾಡಬಹುದಿತ್ತು. ಮಾಡಿದರೆ ಏನು ಹೇಳುವುದು? ಕಾರಣ ಹೇಳಿದರೆ ನೆವ ಎಂದುಕೊಂಡಾಳು. ಹೇಳದಿದ್ದರೆ ಅವಳು ಅಂದುಕೊಂಡದ್ದೇ ನಿಜವಾಗುತ್ತದೆ. ಎರಡು ಸಲ ನಂಬರು ಒತ್ತಿ ರಿಂಗಾಗುವ ಮೊದಲೇ ಕಟ್ ಮಾಡಿದೆ. ಊಟ ಸೇರುತ್ತಿರಲಿಲ್ಲ. ಈಗ ಆಟೋದಲ್ಲಿ ಒಬ್ಬಳೇ ಇದ್ದಾಗಲೂ ಸಿಗ್ನಲ್ಲಿನಲ್ಲಿ ಅಕ್ಕಪಕ್ಕ ಗಾಡಿಗಳು ಒತ್ತಿ ನಿಂತರೆ ಎದೆ ಹೊಡೆದುಕೊಳ್ಳತೊಡಗಿತ್ತು. ಇದು ಹೀಗೇ ಬೆಳೆದರೆ ಮನೆಯ ಬಾಗಿಲೂ ದಾಟಲಾರೆ ಅನ್ನಿಸಿದ ದಿನ, ಒಂದು ಭಾನುವಾರ, ಕುಷಾಯಿಗೂಡಕ್ಕೆ ಹೋದೆ.

ಬಾಗಿಲು ತೆರೆದವರು ಅವಳ ಗಂಡ. ಬರ್ರಿ ಅಕ್ಕಾರ, ಎಂದು ಒಳಗೆ ಕರೆದು, ಹಾಲು ತರುವ ನೆಪದಲ್ಲಿ ಚೀಲ ಹಿಡಿದು ಹೊರಟುಹೋದರು. ತಂಗಿ ಅಡಿಗೆಮನೆಯಲ್ಲಿ ಹೀರೇಕಾಯಿ ಹೆರೆಯುತ್ತಿದ್ದಳು. ಕುಂದರು ಅಂದಳು, ತಲೆ ಎತ್ತಲಿಲ್ಲ. ನಾನು ನಿಂತುಕೊಂಡೇ ಎಲ್ಲ ಹೇಳಿದೆ. ಲಿಫ್ಟು, ಬಸ್ಸು, ಬಟ್ಟೆ ಅಂಗಡಿಯ ಮೆಟ್ಟಿಲು, ತಾಲೀಮಿನ ಸಭಾಂಗಣ, ಗಾಜಿನ ಬಾಗಿಲಲ್ಲಿ ನನ್ನ ಕಾಲು ನಿಂತುಬಿಟ್ಟದ್ದು. ಅವಳ ಚಾಕು ನಿಂತಿತು.

"ಎಷ್ಟು ತಿಂಗಳಿಂದ?" ಅಂದಳು.

"ಈಗ ಹತ್ತಾತು."

"ನಾ ಏನು ಹೊರಗಿನಾಕಿ ಏನು? ನನಗ ಹೇಳಿದ್ರ ನಿನ್ನ ದರ್ಜೆ ಕಡಿಮಿ ಆಕ್ಕಿತ್ತೇನು?"

ಆಮೇಲೆ ಅವಳು ಕೇಳಿದ್ದು ನಾನು ಅಂಜಿದ್ದ ಪ್ರಶ್ನೆಯನ್ನೇ. "ಹೋಗಲಿ, ನಿನಗ ಅದು ಬೇಕಾಗಿತ್ತು. ಮೂರು ತಗೋಬಹುದಿತ್ತಲ್ಲ. ಒಂದ ಯಾಕ ತಗೊಂಡಿ?"

ರೊಕ್ಕ ಹೆಚ್ಚಾಗುತ್ತಿತ್ತು ಎನ್ನಬಹುದಿತ್ತು. ಅದು ನಿಜವಲ್ಲ. ಮೂರು ತೆಗೆದುಕೊಂಡಿದ್ದರೆ ಯಾಕೆ ಎಂದು ಹೇಳಬೇಕಾಗುತ್ತಿತ್ತು, ಅದು ಅರ್ಧ ನಿಜ. ಉಳಿದ ಅರ್ಧವನ್ನೂ ಹೇಳಿದೆ. ನನ್ನನ್ನು ಯಾರೂ ಅಕ್ಕಾ ಎಂದು ಕರೆಯದ, ಯಾರನ್ನೂ ನಾನು ನೋಡಿಕೊಳ್ಳಬೇಕಿಲ್ಲದ ಒಂದು ಜಾಗ ಬೇಕಾಗಿತ್ತು. ಅಲ್ಲಿ ಕುಳಿತಾಗ ನನಗೆ ಸುಖವಾಗಿತ್ತು. ಅವಳು ಕೆಳಗೆ ನಿಂತಿದ್ದಾಳೆ ಎಂದು ಗೊತ್ತಿದ್ದೂ ಸುಖವಾಗಿತ್ತು.

ಅವಳು ಅತ್ತಳು. ಕ್ಷಮಿಸಿದೆ ಎಂದೇನೂ ಅನ್ನಲಿಲ್ಲ. ಹೆರೆದ ಸಿಪ್ಪೆಯನ್ನು ಒಟ್ಟುಗೂಡಿಸಿ, "ಭಾಳ ಕೆಟ್ಟ ಅನಿಸಿತ್ತು ನನಗ. ಇನ್ನೂ ಅನಸ್ತೈತಿ," ಅಂದಳು. ಆಮೇಲೆ ಆ ಸಿಪ್ಪೆಯ ಚಟ್ನಿ ಅರೆದು ಊಟಕ್ಕೆ ಬಡಿಸಿದಳು. ಹಾಲಿನೊಂದಿಗೆ ತಡವಾಗಿ ಮರಳಿದ ಅವಳ ಗಂಡ ನಮ್ಮಿಬ್ಬರ ಮುಖ ನೋಡಿ, ಕೈ ತೊಳೆದು ಕುಳಿತರು.

ಮುಂದಿನ ವಾರ ಅವಳೇ ನನ್ನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಅಷ್ಟು ವರ್ಷ ಎಲ್ಲರ ಫೈಲು ಹಿಡಿದು ಆಸ್ಪತ್ರೆಯ ಬೆಂಚಿನ ಮೇಲೆ ಕಾಯ್ದವಳು ನಾನು. ಆ ದಿನ ಫೈಲು ಅವಳ ಕೈಯಲ್ಲಿತ್ತು. ಡಾಕ್ಟರು ತೆಲುಗಿನಲ್ಲಿ ಸಾವಕಾಶ ಮಾತಾಡಿ, ಇದು ತುಂಬ ಜನರಿಗೆ ಆಗುತ್ತದೆ, ಹೋಗುವುದೂ ಉಂಟು, ಆದರೆ ತಪ್ಪಿಸಿಕೊಂಡಷ್ಟೂ ಬಲಿಯುತ್ತದೆ ಎಂದರು. ಸಣ್ಣ ಗುಳಿಗೆ ಕೊಟ್ಟರು, ಉಸಿರಾಟದ ಅಭ್ಯಾಸ ಹೇಳಿಕೊಟ್ಟರು, ಜನರಿರುವ ಕಡೆ ದಿನಕ್ಕಿಷ್ಟು ಹೊತ್ತು ಇದ್ದು ಬನ್ನಿ ಎಂದರು.

ಪೂರ್ತಿ ಹೋಗಿಲ್ಲ. ಹೋದ ತಿಂಗಳು ಕಾಚಿಗೂಡದಲ್ಲಿ ನಮ್ಮ ಸೋದರಮಾವನ ಮೊಮ್ಮಗಳ ಮದುವೆ ಇತ್ತು. ಮೊದಲನೆಯ ಪಂಕ್ತಿಗೆ ಕರೆದಾಗ ಬಾಗಿಲ ತನಕ ಹೋಗಿ, ಸಾಲು ಸಾಲು ಬೆನ್ನುಗಳನ್ನು ಕಂಡು ಹೊರಗೆ ಬಂದೆ. ಎರಡನೆಯ ಪಂಕ್ತಿಗೆ ತಂಗಿ ತುದಿಯ ಎಲೆ ಹಿಡಿದು ಕಾಯುತ್ತಿದ್ದಳು. ಅವಳ ಆಚೆ ಅವಳ ಗಂಡ. ಕುಳಿತೆ. ನೂರಾರು ಜನ, ಬಡಿಸುವವರ ಓಡಾಟ, ಬೆನ್ನಿಗೆ ತಾಗುವ ಸೀರೆಯ ಸೆರಗುಗಳು. ಉಸಿರು ಎಣಿಸುತ್ತ ಕೋಸಂಬರಿಯ ತನಕ ಬಂದೆ, ಆಮೇಲೆ ಜೋಳದ ಭಕ್ರಿಯ ತನಕ. ತಂಗಿ ನನ್ನ ಕಡೆ ನೋಡದೆ, ಪಕ್ಕದವರೊಡನೆ ಹುಡುಗನ ಮನೆಯವರ ಸುದ್ದಿ ಮಾತಾಡುತ್ತಲೇ, ತನ್ನ ಎಲೆಯ ಹೋಳಿಗೆ ಮುರಿದು ಅರ್ಧ ನನ್ನ ಎಲೆಗೆ ಹಾಕಿದಳು. ಅದನ್ನೂ ತಿಂದೆ.