ಗಂಟಲು ಕಟ್ಟಿದ ವರ್ಷ

ನನ್ನ ಸ್ವರ ಮೊದಲು ಒಡೆದದ್ದು 'ಬೆಳ್ತಂಗಡಿ' ಎಂಬ ಶಬ್ದದ ಮೇಲೆ.

ನಾನು ಬಿ.ಸಿ.ರೋಡಿನಲ್ಲಿ ಬಸ್ ಏಜೆಂಟ್. ಬಸ್ಸು ಬಂದು ನಿಂತ ಕೂಡಲೇ ಅದು ಹೋಗುವ ಊರುಗಳ ಹೆಸರು ಕೂಗಿ ಜನರನ್ನು ಹತ್ತಿಸುವುದು ನನ್ನ ಕೆಲಸ. ರಸ್ತೆಯ ಆಚೆ ಚಹಾ ಕುಡಿಯುತ್ತಿದ್ದವನೂ ನನ್ನ ಕೂಗು ಕೇಳಿ ಗ್ಲಾಸು ಇಟ್ಟು ಓಡಿ ಬರುತ್ತಿದ್ದ. ನಯಾಪೈಸೆ ಹೊಸದಾಗಿ ಬಂದು, ಜನ ಚಿಲ್ಲರೆಗಾಗಿ ಕಂಡಕ್ಟರನೊಡನೆ ಇನ್ನೂ ಜಗಳಾಡುತ್ತಿದ್ದ ಕಾಲ. ಆ ದಿನ ಬೆಳಿಗ್ಗೆ 'ಬೆಳ್ತಂ' ಎನ್ನುವಷ್ಟರಲ್ಲಿ ಸ್ವರ ಹರಿದುಹೋಯಿತು. ಉಳಿದ 'ಗಡಿ' ಬರಿಯ ಗಾಳಿಯಾಗಿ ಹೊರಬಂತು. ಡ್ರೈವರ್ ನಕ್ಕ. ನಾನೂ ನಕ್ಕೆ.

ಕೂಗುವವನ ಗಂಟಲು ಕಟ್ಟುವುದು ಹೊಸತೇನಲ್ಲ. ನನ್ನ ಹೆಂಡತಿ ಕಲ್ಯಾಣಿ ಕಾಳುಮೆಣಸಿನ ಕಷಾಯ ಮಾಡಿ ಕೊಟ್ಟಳು. ಜೇಷ್ಠಮಧು ಬಾಯಲ್ಲಿಟ್ಟುಕೊಂಡೆ. ಸ್ವರ ಬರಲಿಲ್ಲ. ಗಂಜಿ ನುಂಗುವಾಗ ಮುಳ್ಳು ನುಂಗಿದ ಹಾಗೆ ಆಗತೊಡಗಿತು. ನೋವು ಕಿವಿಯ ತನಕ ಹೋಗುತ್ತಿತ್ತು. ಸಂಜೆಯಾದರೆ ಮೈ ಬಿಸಿ. ಅಂಗಿ ಸಡಿಲವಾಯಿತು. ಕೊನೆಗೆ ಕಲ್ಯಾಣಿಯೇ ನನ್ನನ್ನು ಬಸ್ಸು ಹತ್ತಿಸಿ ಮೂಡುಬಿದಿರೆಯ ಕಡೆಯ ಒಂದು ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದಳು.

ಡಾಕ್ಟರು ನನ್ನ ನಾಲಗೆಯನ್ನು ಬಟ್ಟೆಯಲ್ಲಿ ಹಿಡಿದು ಎಳೆದು, ಉದ್ದ ಹಿಡಿಯ ಸಣ್ಣ ಕನ್ನಡಿಯನ್ನು ಗಂಟಲಿನೊಳಗೆ ಇಳಿಸಿ ತುಂಬ ಹೊತ್ತು ನೋಡಿದರು. ಎಕ್ಸ್‌ರೇ ಆಯಿತು. ಕಫದ ಪರೀಕ್ಷೆ ಆಯಿತು. ಆಮೇಲೆ ನಮ್ಮಿಬ್ಬರನ್ನೂ ಕೂರಿಸಿ ಹೇಳಿದರು.

"ಟಿ.ಬಿ. ಉಂಟು. ಶ್ವಾಸಕೋಶದಲ್ಲಿ ಸ್ವಲ್ಪ. ಗಂಟಲಲ್ಲಿ ಜಾಸ್ತಿ. ಈಗ ಔಷಧ ಉಂಟು, ಹೆದರ್ಬೇಡಿ. ಆದರೆ ಇವತ್ತಿನಿಂದ ನೀವು ಮಾತಾಡಬಾರದು."

"ಮೆಲ್ಲ ಮಾತಾಡಬಹುದಾ?" ಕಲ್ಯಾಣಿ ಕೇಳಿದಳು.

"ಪಿಸುಮಾತೂ ಬೇಡ."

ನಾನು 'ಆಯಿತು' ಎನ್ನಲು ಬಾಯಿ ತೆರೆದೆ. ಡಾಕ್ಟರು ಬೆರಳು ಎತ್ತಿದರು. ಬಾಯಿ ಮುಚ್ಚಿದೆ.

ಹಾಗೆ ನನ್ನ ಮಾತು ನಿಂತಿತು.

ಇಲ್ಲಿ ಒಂದು ವಿಷಯ ಹೇಳಬೇಕು. ನನಗೆ ಚಿಕ್ಕಂದಿನಿಂದ ಒಂದೇ ಆಸೆ ಇದ್ದದ್ದು. ತಾಳಮದ್ದಳೆಯಲ್ಲಿ ಅರ್ಥ ಹೇಳಬೇಕು ಎಂದು. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಹಾಡುತ್ತಾರೆ. ಕುಳಿತವರು ಆ ಹಾಡಿನ ಅರ್ಥವನ್ನು ತಮ್ಮ ತಮ್ಮ ಪಾತ್ರದ ಮಾತಾಗಿ, ಆ ಕ್ಷಣಕ್ಕೆ ಹೊಳೆದ ಹಾಗೆ ಹೇಳುತ್ತಾರೆ. ಒಬ್ಬ ಅರಸನಾದರೆ ಇನ್ನೊಬ್ಬ ಅವನ ಶತ್ರು. ಇರುವುದು ಒಂದು ಚಾಪೆ; ಆದರೆ ಮಾತು ಶುರುವಾದರೆ ಅಲ್ಲಿಯೇ ಅರಮನೆ, ಅಲ್ಲಿಯೇ ರಣರಂಗ. ಆ ಚಾಪೆಯ ಮೇಲೆ ಕೂರಬೇಕೆಂದು ನನಗೆ ಎಷ್ಟು ಆಸೆಯೆಂದರೆ, ಬಸ್ಸು ಬಾರದ ಹೊತ್ತಿನಲ್ಲಿ ಮೈಲಿಗಲ್ಲಿನ ಮೇಲೆ ಕೂತು ಮನಸ್ಸಿನಲ್ಲೇ ಸಂವಾದ ಮಾಡುತ್ತಿದ್ದೆ.

ಬೆಳುವಾಯಿಯ ಭಾಗವತರು ಮೋನಪ್ಪಣ್ಣ ನನ್ನ ತಂದೆಯ ಕಡೆಯ ಸಂಬಂಧಿ. ಪ್ರತಿ ಮಳೆಗಾಲದಲ್ಲಿ ಅಲ್ಲಿನ ಭಜನಾ ಮಂದಿರದಲ್ಲಿ ಆದಿತ್ಯವಾರ ಮಧ್ಯಾಹ್ನ ಅವರ ಕೂಟ. ಪ್ರತಿ ಮಳೆಗಾಲ ಅವರು ಕರೆಯುತ್ತಿದ್ದರು.

"ಶೀನಾ, ಈ ಸಲವಾದರೂ ಒಂದು ಸಣ್ಣ ಅರ್ಥ ಹೇಳು ಮಾರಾಯ."

ನನ್ನ ಹತ್ತಿರ ಉತ್ತರ ಯಾವಾಗಲೂ ತಯಾರು. ನನ್ನದು ಬಸ್ಸು ಕರೆಯುವ ಗಂಟಲು, ಅರ್ಥ ಹೇಳುವುದಲ್ಲ. ಮನೆಯಲ್ಲಿ ತುಳು ಮಾತಾಡುವವ ನಾನು, ನನ್ನ ಕನ್ನಡ ಶಾಲೆಯಲ್ಲಿ ಕಲಿತಷ್ಟೇ. ಆದಿತ್ಯವಾರ ಬಸ್ಸಿಗೆ ಜನ ಜಾಸ್ತಿ. ಮಗಳಿಗೆ ಜ್ವರ. ಮಗಳಿಗೆ ಜ್ವರ ಇಲ್ಲದಿದ್ದರೆ ಹೊಳೆಯಲ್ಲಿ ನೀರು ಏರಿದೆ. ಯಾವುದೂ ಸುಳ್ಳಾಗಿರಲಿಲ್ಲ. ಅದೇ ಅದರ ಚಂದ. ಸುಳ್ಳಾಗಿದ್ದರೆ ಯಾವತ್ತಾದರೂ ನಾಚಿಕೆಯಾಗುತ್ತಿತ್ತು.

ಆಸ್ಪತ್ರೆಯ ವಾರ್ಡ್ ಉದ್ದವಾಗಿತ್ತು, ಗೋಡೆಗಳಿಗೆ ಸುಣ್ಣ. ಕಿಟಕಿಯಾಚೆ ಗೇರುಮರಗಳು. ದಿನಾ ಬೆಳಿಗ್ಗೆ ಸಿಸ್ಟರ್ ಬಂದು ಸ್ಟ್ರೆಪ್ಟೋಮೈಸಿನ್ ಇಂಜೆಕ್ಷನ್ ಕೊಡುತ್ತಿದ್ದರು. ಸೊಂಟದಲ್ಲಿ ನೋವಿಲ್ಲದ ಜಾಗ ಉಳಿಯಲಿಲ್ಲ. ಮಾತ್ರೆಗಳನ್ನು ನುಂಗುವುದೇ ಒಂದು ಯುದ್ಧ. ನೀರು ಬೇಕಾದರೆ ಲೋಟ ಎತ್ತಿ ತೋರಿಸುವುದು. ನೋವು ಜಾಸ್ತಿಯಾದರೆ ಮಂಚದ ಕಬ್ಬಿಣಕ್ಕೆ ಉಂಗುರದಿಂದ ತಟ್ಟುವುದು. ಪಕ್ಕದ ಮಂಚದವರು ಮೊದಮೊದಲು ನನ್ನೊಡನೆ ಮಾತಾಡಿದರು. ಉತ್ತರ ಬಾರದ ಮಾತು ಎಷ್ಟು ದಿನ ಉಳಿದೀತು. ಆಮೇಲೆ ನನ್ನನ್ನು ಒಂದು ಮರವನ್ನು ಬಿಟ್ಟ ಹಾಗೆ ಬಿಟ್ಟರು.

ಮಧ್ಯಾಹ್ನದ ವಿಶ್ರಾಂತಿಯ ಹೊತ್ತಿಗೆ ಜ್ವರ ಮೆಲ್ಲನೆ ಏರುತ್ತಿತ್ತು. ಇಂಜೆಕ್ಷನ್ನಿನಿಂದ ತಲೆ ತಿರುಗುತ್ತಿತ್ತೋ, ಜ್ವರದಿಂದಲೋ, ಮಂಚ ದೋಣಿಯಂತೆ ತೂಗುತ್ತಿತ್ತು. ಗೋಡೆಯ ಸುಣ್ಣದ ಮೇಲೆ ಎಲೆಗಳ ನೆರಳು ನೀರಿನ ಹಾಗೆ ಹರಿಯುತ್ತಿತ್ತು. ಆ ಹರಿವಿನೊಳಗಿಂದ ಒಂದು ಆಸ್ಥಾನ ಎದ್ದು ಬರುತ್ತಿತ್ತು. ಅದಕ್ಕೆ ಗೋಡೆಗಳಿರಲಿಲ್ಲ. ತುಂಬ ದೂರದಲ್ಲಿ ಒಬ್ಬ ಅರಸ ಕೂತಿದ್ದ. ಯುದ್ಧಕ್ಕೆ ಹೊರಟಿದ್ದ. ನಾನು ಅವನ ಮುದಿ ಮಂತ್ರಿ. ಅವನ ಕಡೆಗೆ ನಡೆಯುತ್ತಿದ್ದೆ. ಕಾಲ ಕೆಳಗೆ ನೆಲ ತಣ್ಣಗೆ, ಮೆತ್ತಗೆ ಇತ್ತು. ಬಾಯಿ ತೆರೆದರೆ ಶಬ್ದ ಬರುತ್ತಿರಲಿಲ್ಲ. ಆದರೂ ಅರಸ ತಿರುಗಿ ನೋಡುತ್ತಿದ್ದ.

ಅವನಿಗೆ ನಾನು ಏನೇನೋ ಹೇಳಿದೆ. ಯುದ್ಧ ಬೇಡ ಎಂದೆ. ಅವನು ಒಪ್ಪಲಿಲ್ಲ. ಮರುದಿನ ಮಧ್ಯಾಹ್ನ ಬೇರೆ ಮಾತು ತೆಗೆದುಕೊಂಡು ಹೋದೆ. ಹೊರಗೆ ಹೋಗಲು ದಾರಿ ಇಲ್ಲದ ಕಾರಣ ಮಾತು ಒಳಗೇ ತಿರುಗಾಡಿ ತಿರುಗಾಡಿ ನುಣುಪಾಯಿತು, ಹೊಳೆಯ ಕಲ್ಲಿನ ಹಾಗೆ. ಕನ್ನಡ ಬರುವುದಿಲ್ಲ ಎಂದು ಅಷ್ಟು ವರ್ಷ ಹೇಳಿದವ ನಾನು. ಅಲ್ಲಿ ನನಗೆ ಒಂದು ಶಬ್ದಕ್ಕೂ ತಡವಾಗಲಿಲ್ಲ. ಅಂಥ ಸುಖವನ್ನು ನಾನು ಎಚ್ಚರದಲ್ಲಿ ಕಂಡದ್ದಿಲ್ಲ. ಸಿಸ್ಟರ್ ಬಂದು ಬಾಯಿಗೆ ಥರ್ಮಾಮೀಟರ್ ಇಟ್ಟಾಗ ಆಸ್ಥಾನ ಕರಗುತ್ತಿತ್ತು. ಮತ್ತೆ ಗೇರುಮರ. ಮತ್ತೆ ಫಿನಾಯಿಲ್ ವಾಸನೆ.

ಒಂದು ಮಧ್ಯಾಹ್ನ ನೆರಳು ನೋಡುತ್ತಾ ಮಲಗಿದ್ದಾಗ ಒಂದು ಯೋಚನೆ ಬಂತು. ಈಗ ಆದಿತ್ಯವಾರದ ಬಸ್ಸಿಲ್ಲ. ಮಗಳು ಬೆಳ್ತಂಗಡಿಯಲ್ಲಿ ಅಜ್ಜಿಮನೆಯಲ್ಲಿದ್ದಾಳೆ. ಹೊಳೆ ದಾಟಬೇಕಾಗಿಲ್ಲ. ನನ್ನ ಎಲ್ಲ ನೆಪಗಳೂ ಒಂದೊಂದಾಗಿ ಎದ್ದು ಹೋಗಿವೆ. ಅವುಗಳ ಜಾಗದಲ್ಲಿ ಒಂದು ನಿಜವಾದ ಕಾರಣ ಬಂದು ಕೂತಿದೆ. ಇನ್ನು ಯಾರೂ ನನ್ನನ್ನು ಏಕೆ ಬರಲಿಲ್ಲ ಎಂದು ಕೇಳಲಿಕ್ಕಿಲ್ಲ.

ಆಗ ನನಗೆ ಅಳು ಬಂತು. ಅಳುವಾಗಲೂ ಶಬ್ದ ಮಾಡುವ ಹಾಗಿರಲಿಲ್ಲ.

ಮನೆಯಲ್ಲಿ ಕಲ್ಯಾಣಿ ಬೀಡಿ ಕಟ್ಟಿ ದಿನ ಕಳೆಯುತ್ತಿದ್ದಳು. ಅದನ್ನು ನಾನು ತಿಳಿದದ್ದು ಅವಳ ಬೆರಳುಗಳ ಹೊಗೆಸೊಪ್ಪಿನ ವಾಸನೆಯಿಂದ. ಬಂದಾಗ ಮಂಚದಿಂದ ಸ್ವಲ್ಪ ದೂರ ಸ್ಟೂಲಿನ ಮೇಲೆ ಕೂರಬೇಕೆಂದು ಸಿಸ್ಟರ್ ಹೇಳಿದ್ದರು. ಮೊದಲು ಅವಳು ಇಬ್ಬರ ಮಾತನ್ನೂ ತಾನೇ ಆಡುತ್ತಿದ್ದಳು. ಬರಬರುತ್ತಾ ಅವಳೂ ಸುಮ್ಮನಾದಳು. ಇಬ್ಬರೂ ಕಿಟಕಿಯಾಚೆ ನೋಡುತ್ತಾ ಕೂರುತ್ತಿದ್ದೆವು. ನಮ್ಮ ಮನೆಗೆ ಈಗ ಯಾರೂ ಬರುವುದಿಲ್ಲ ಎಂದು ಒಂದು ದಿನ ಹೇಳಿದಳು. ಬಾವಿಯ ನೀರಿಗೆ ಬರುತ್ತಿದ್ದವರೂ ಬೇರೆ ಬಾವಿಗೆ ಹೋಗುತ್ತಾರೆ ಎಂದಳು. ದೂರಿದ್ದಲ್ಲ. ಹೇಳಿದ್ದು ಅಷ್ಟೆ.

ಮಳೆ ಮುಗಿದು ಚಳಿ ಬಂತು. ಗೇರುಮರ ಹೂ ಬಿಟ್ಟಿತು. ಜ್ವರ ಬಿಟ್ಟಿತು. ಡಾಕ್ಟರು ಮತ್ತೆ ಕನ್ನಡಿ ಇಳಿಸಿ ನೋಡಿದರು.

"ಹುಣ್ಣು ಮಾಗಿದೆ. ಒಂದು ಶಬ್ದ ಹೇಳಿ ನೋಡುವ."

ಎಷ್ಟು ತಿಂಗಳಿಂದ ಕಾದ ಶಬ್ದ. ಏನೆಲ್ಲ ಹೇಳಬೇಕೆಂದು ಯೋಚಿಸಿ ಇಟ್ಟಿದ್ದೆ. ಬಾಯಿಗೆ ಬಂದದ್ದು "ನೀರು."

ಒಣಗಿದ ತಾಳೆಗರಿ ನೆಲದ ಮೇಲೆ ಎಳೆದ ಹಾಗಿತ್ತು ಆ ಸ್ವರ. ಅದು ನನ್ನದು ಎಂದು ನಂಬಲು ಸ್ವಲ್ಪ ಹೊತ್ತು ಬೇಕಾಯಿತು.

"ಇನ್ನೂ ಸರಿಯಾಗ್ತದಾ?" ಕಲ್ಯಾಣಿ ಕೇಳಿದಳು.

"ಸ್ವಲ್ಪ ಆಗಬಹುದು. ಹಳೆಯ ಸ್ವರ ಬರ್ಲಿಕ್ಕಿಲ್ಲ."

ಮನೆಗೆ ಬಂದೆ. ಬಸ್ ಕಂಪೆನಿಯ ಧಣಿಗಳು ಕೂಗುವ ಕೆಲಸವನ್ನು ಬೇರೆಯವನಿಗೆ ಕೊಟ್ಟಿದ್ದರು. ನನ್ನನ್ನು ಟಿಕೆಟು ಬರೆಯುವ ಮೇಜಿನ ಹಿಂದೆ ಕೂರಿಸಿದರು. ಅಷ್ಟು ಮಾಡಿದ್ದು ದೊಡ್ಡದು. ಮಗಳು ಬೆಳ್ತಂಗಡಿಯಿಂದ ಬಂದಳು. ನನ್ನ ಸ್ವರ ಕೇಳಿ ಅಮ್ಮನ ಹಿಂದೆ ಅಡಗಿದಳು. ನನಗೆ ಬೇರೆ ತಟ್ಟೆ, ಬೇರೆ ಲೋಟ. ಮಾತ್ರೆಗಳು ಮುಂದುವರಿದವು.

ಮಳೆಗಾಲ ಮತ್ತೆ ಶುರುವಾಗುವ ಹೊತ್ತಿಗೆ ಮೋನಪ್ಪಣ್ಣ ಮನೆಗೆ ಬಂದರು. ಜಗಲಿಯಲ್ಲಿ ಕೂತು ಬೆಲ್ಲ ನೀರು ಕುಡಿದರು. ನನ್ನ ಆರೋಗ್ಯ ಕೇಳಿದರು. ಕೂಟದ ಸುದ್ದಿ ಹೇಳಿದರು. ಎಲ್ಲ ಹೇಳಿದರು, ಒಂದನ್ನು ಬಿಟ್ಟು. ಏಳುವಾಗ ನನ್ನ ಮುಖ ನೋಡದೆ ಅಂದರು.

"ನೀನು ಬಂದು ಕೇಳು ಶೀನಾ. ಕೂತು ಕೇಳಿದರೆ ಸಾಕು."

ಅರ್ಥ ಹೇಳಲು ಅವರು ನನ್ನನ್ನು ಕರೆಯಲಿಲ್ಲ.

ಮೆಟ್ಟಿಲಿಳಿದು ಕೊಡೆ ಬಿಡಿಸುತ್ತಿದ್ದರು. ಕರೆದರೆ ಬೇಡ ಎನ್ನುವುದು ನನಗೆ ಗೊತ್ತಿತ್ತು. ಕರೆಯದೆ ಇರುವವರ ಹತ್ತಿರ ಕೇಳುವುದು ಗೊತ್ತಿರಲಿಲ್ಲ.

"ಮೋನಪ್ಪಣ್ಣ," ಎಂದೆ. ಅವರಿಗೆ ಕೇಳಲಿಲ್ಲ. ಅಂಗಳಕ್ಕೆ ಇಳಿದು ಅವರ ಕೊಡೆಯ ಅಡಿಗೆ ಹೋಗಿ ನಿಂತೆ. "ನಾನು ಅರ್ಥ ಹೇಳ್ತೇನೆ."

"ಗಂಟಲು?"

"ಗಂಟಲು ಇನ್ನು ಹೀಗೇ ಇರುವುದು. ಅದು ಸರಿಯಾಗಲಿ ಅಂತ ಕಾದರೆ ಆಗ್ಲಿಕ್ಕಿಲ್ಲ."

ಕಲ್ಯಾಣಿ ಬಾಗಿಲಲ್ಲಿ ನಿಂತಿದ್ದಳು. "ಡಾಕ್ಟರರ ಹತ್ತಿರ ಕೇಳದೆ ಎಲ್ಲಿಗೂ ಇಲ್ಲ," ಎಂದಳು. ಅವಳ ಕಣ್ಣಲ್ಲಿ ಸಿಟ್ಟಿತ್ತೋ ಭಯವಿತ್ತೋ.

ಡಾಕ್ಟರ ಹತ್ತಿರ ಕೇಳಿದೆವು. ಕಫದಲ್ಲಿ ಏನೂ ಇಲ್ಲ ಎಂದರು. "ಬೊಬ್ಬೆ ಹಾಕಬಾರದು. ಮೆಲ್ಲ ಮಾತಾಡಿ. ಸುಸ್ತಾದರೆ ಅಲ್ಲಿಗೇ ನಿಲ್ಲಿಸಿ." ಆಮೇಲೆ ಸ್ವಲ್ಪ ನಕ್ಕು, "ಯಾವ ಪಾತ್ರ?" ಎಂದು ಕೇಳಿದರು.

ಮೋನಪ್ಪಣ್ಣ ನನಗಾಗಿ ಹುಡುಕಿ ಒಂದು ಕಥೆ ಇಟ್ಟಿದ್ದರು. ಅದರಲ್ಲಿ ಅರಸನಿಗೆ ಬುದ್ಧಿ ಹೇಳುವ ಒಬ್ಬ ಮುದಿ ಮಂತ್ರಿ ಬರುತ್ತಾನೆ. ಆಸ್ಪತ್ರೆಯ ಮಧ್ಯಾಹ್ನಗಳ ವಿಷಯ ನಾನು ಯಾರಿಗೂ ಹೇಳಿರಲಿಲ್ಲ. ಅವರು 'ಮಂತ್ರಿ' ಎಂದಾಗ ನೆಲ ಒಮ್ಮೆ ತೂಗಿದ ಹಾಗಾಯಿತು.

ಆ ಆದಿತ್ಯವಾರ ಭಜನಾ ಮಂದಿರದ ಚಾಪೆಯ ಮೇಲೆ ಕೂತೆ. ಜೊತೆಗೆ ಬಂದ ಕಲ್ಯಾಣಿ ಹಿಂದೆ ಹೆಂಗಸರ ನಡುವೆ ಕೂತಳು. ಎದುರಿಗೆ ಅರಸನ ಅರ್ಥಕ್ಕೆ ಮೂಡುಬಿದಿರೆಯ ಒಬ್ಬ ಜವಳಿ ಅಂಗಡಿಯವರು. ಹೊರಗೆ ನಿಂತವರಿಗೂ ಕೇಳುವಂಥ ಸ್ವರ ಅವರದು. ಮೋನಪ್ಪಣ್ಣ ಹಾಡಿದರು. ಮದ್ದಳೆ ನಿಂತಿತು. ಎಲ್ಲರೂ ನನ್ನ ಕಡೆ ನೋಡಿದರು.

ಆಸ್ಪತ್ರೆಯಲ್ಲಿ ನುಣುಪು ಮಾಡಿಟ್ಟ ಮಾತುಗಳಲ್ಲಿ ಒಂದೂ ನೆನಪಿಗೆ ಬರಲಿಲ್ಲ.

"ಪ್ರಭೂ," ಎಂದೆ. "ನಾನು ಮುದುಕ. ನನ್ನ ಸ್ವರ ಹೋಗಿದೆ. ಯುದ್ಧ ಬೇಡ ಅಂತ ಹೇಳಲಿಕ್ಕೆ ಜೋರು ಸ್ವರ ಇದ್ದ ಕಾಲದಲ್ಲಿ ನಾನು ಬಾಯಿ ಬಿಡಲಿಲ್ಲ. ನಾಳೆ ಹೇಳುವ, ನಾಡಿದ್ದು ಹೇಳುವ ಎಂದೆ. ಈಗ ಹೇಳುತ್ತೇನೆ. ದಯವಿಟ್ಟು ಹತ್ತಿರ ಬಂದು ಕೇಳಬೇಕು."

ಹಿಂದಿನ ಸಾಲಿನಲ್ಲಿ ಯಾರೋ, "ಕೇಳುವುದಿಲ್ಲ," ಎಂದರು. ಕೆಲವರು ಮುಂದೆ ಸರಿದು ಕೂತರು. ಜವಳಿ ಅಂಗಡಿಯವರು ಒಂದು ಕ್ಷಣ ನನ್ನನ್ನೇ ನೋಡಿದರು. ಆಮೇಲೆ ಚಾಪೆಯ ಮೇಲೆ ಸ್ವಲ್ಪ ಮುಂದೆ ಜರಗಿ, ನನ್ನಷ್ಟೇ ಮೆಲ್ಲನೆ, "ಹೇಳಿ ಮಂತ್ರಿಗಳೇ, ಬಂದಿದ್ದೇನೆ," ಎಂದರು.

ಎಷ್ಟು ಹೊತ್ತು ಮಾತಾಡಿದೆವೋ ತಿಳಿಯದು. ಹಂಚಿನ ಮೇಲೆ ಮಳೆ ಬಂದು ಹೋಯಿತು. ಒಳಗೆ ಬೆಳಕು ಹಳದಿಯಾಗಿತ್ತು, ಮುಖಗಳು ನೀರಿನಡಿಯಲ್ಲಿ ಇದ್ದ ಹಾಗೆ ಕಾಣುತ್ತಿದ್ದವು. ಎರಡು ಸಲ ನನ್ನ ಸ್ವರ ಪೂರ್ತಿ ಹೋಯಿತು. ಎರಡು ಸಲವೂ ಅವರು ಕಾದರು. ಒಂದು ಪದ್ಯದ ಅರ್ಥ ನಾನು ಬಿಟ್ಟೇಬಿಟ್ಟೆ. ಕೊನೆಗೆ ಅರಸ ಯುದ್ಧಕ್ಕೆ ಹೋದ. ಕಥೆಯಲ್ಲಿ ಹಾಗೆಯೇ ಉಂಟು.

ಕೂಟ ಮುಗಿದ ಮೇಲೆ ಯಾರೂ ದೊಡ್ಡದಾಗಿ ಹೊಗಳಲಿಲ್ಲ. ಒಬ್ಬರು, ಮಾತು ಒಳ್ಳೆಯದಿತ್ತು, ಅರ್ಧ ಕೇಳಲಿಲ್ಲ ಎಂದರು. ಅದು ನಿಜ. ಮೋನಪ್ಪಣ್ಣ ತಾಳವನ್ನು ಬಟ್ಟೆಯಲ್ಲಿ ಸುತ್ತುತ್ತಾ, "ಮುಂದಿನ ವಾರವೂ ಬಾ," ಎಂದರು.

ಮಾತ್ರೆ ಇನ್ನೂ ನಡೆಯುತ್ತಿದೆ. ಮತ್ತೆ ಎಕ್ಸ್‌ರೇ ತೆಗೆಯಬೇಕಂತೆ. ಆ ದಿನ ಹತ್ತಿರ ಬಂದ ಹಾಗೆ ಊಟ ಸೇರುವುದಿಲ್ಲ. ಕಾಯಿಲೆ ಒಳ್ಳೆಯದು ಮಾಡಿತು ಎಂದು ನಾನು ಹೇಳುವುದಿಲ್ಲ. ಅದು ನನ್ನ ಸ್ವರ ತೆಗೆದುಕೊಂಡಿತು. ಕಲ್ಯಾಣಿಯ ಒಂದು ವರ್ಷ ತೆಗೆದುಕೊಂಡಿತು. ಉಳಿಸಿದ್ದನ್ನು ನಾನು ಬಳಸುತ್ತಿದ್ದೇನೆ, ಅಷ್ಟೆ.

ಆ ಆದಿತ್ಯವಾರ ಕೂಟದಿಂದ ವಾಪಸು ಬರುವಾಗ ಬಸ್ಸಿನಲ್ಲಿ ಕಲ್ಯಾಣಿ ಕಿಟಕಿಯ ಪಕ್ಕ ಕೂತಿದ್ದಳು. ಬಸ್ಸು ಸಿದ್ಧಕಟ್ಟೆ ದಾಟಿತು. ಗದ್ದೆಗಳಲ್ಲಿ ನೀರು ನಿಂತು ಆಕಾಶ ಕೆಳಗೂ ಇತ್ತು.

"ಬರುವ ವಾರ ನಾನು ಮುಂದೆ ಕೂರ್ತೇನೆ," ಎಂದಳು. "ಹಿಂದೆ ಸರಿಯಾಗಿ ಕೇಳುವುದಿಲ್ಲ."